ರೈಲು ಬೋಗಿಯ ಬಿಡಿಭಾಗಕ್ಕೆ ಯಾವ ಪ್ರೆಸ್? ಫ್ಲೈ, ಮೆಕ್ಯಾನಿಕಲ್, ಹೈಡ್ರಾಲಿಕ್: ಕೊಳ್ಳುವ ಮುನ್ನದ ಲೆಕ್ಕ

ತಗಡನ್ನು ಒತ್ತಿ ಕತ್ತರಿಸುವ, ಬಾಗಿಸುವ ಯಂತ್ರವಾದ ಪ್ರೆಸ್ ಕೊಳ್ಳಲು ಹೊರಟವರ ಮೊದಲ ಪ್ರಶ್ನೆ "ಎಷ್ಟು ಟನ್ನಿಂದು?" ಮಾರುವವರೂ ಅದನ್ನೇ ಮೊದಲು ಹೇಳುತ್ತಾರೆ. ಆದರೆ 50 ಟನ್ ಎಂದು ಬರೆದ ಮೆಕ್ಯಾನಿಕಲ್ ಪ್ರೆಸ್ಸೊಂದು 3 ಮಿ.ಮೀ. ತಗಡಿನಿಂದ ದಿನಕ್ಕೆ ಸಾವಿರಾರು ವಾಷರ್ ಕತ್ತರಿಸಿಯೂ ದಣಿಯುವುದಿಲ್ಲ. ಅದೇ ಯಂತ್ರಕ್ಕೆ 45 ಮಿ.ಮೀ. ಆಳದ ಬಟ್ಟಲು ಎಳೆಯುವ ಡೈ (ತಗಡಿಗೆ ಆಕಾರ ಕೊಡುವ ಉಕ್ಕಿನ ಅಚ್ಚು) ಕಟ್ಟಿ ನೋಡಿ, ಕ್ಲಚ್ಚಿನ ಕೀ ಮುರಿದುಕೊಂಡು ನಿಲ್ಲುತ್ತದೆ. ಅದರಲ್ಲಿ ಟನ್ನು ಇಲ್ಲವೆಂದಲ್ಲ, ಬೇಕಾದ ಎತ್ತರದಲ್ಲಿ ಇಲ್ಲ.

ಪೀಣ್ಯದಲ್ಲೋ ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲೋ ಸಣ್ಣ ಶೆಡ್ ಹಾಕಿ ರೈಲು ಬೋಗಿಗೆ ಬೇಕಾಗುವ ತಗಡಿನ ಭಾಗ, ಬ್ರಾಕೆಟ್, ಬುಷ್ (ರಂಧ್ರದೊಳಗೆ ಕೂರುವ ಕೊಳವೆಯಂಥ ತುಂಡು) ಕೂರಿಸಿದ ಲಿವರ್ ಇಂಥವನ್ನು ಮಾಡಹೊರಟವರಿಗಾಗಿ ಈ ಹೋಲಿಕೆ. ಬೇರೆ ಉದ್ಯಮಕ್ಕೆ ಮಾಡುವವರಿಗೂ ಲೆಕ್ಕ ಇದೇ. ರೈಲ್ವೆ ಕೆಲಸದಲ್ಲಿ ತಗಡು ಸ್ವಲ್ಪ ದಪ್ಪ, ಭಾಗ ಸ್ವಲ್ಪ ದೊಡ್ಡದು, ತಪಾಸಣೆ ಸ್ವಲ್ಪ ಬಿಗಿ, ಅಷ್ಟೇ ವ್ಯತ್ಯಾಸ.

ಯಂತ್ರಕ್ಕಿಂತ ಮೊದಲು ನಾಲ್ಕು ಭಾಗ

ಕೊಟೇಶನ್ ತರಿಸುವ ಮುಂಚೆ, ಮಾಡಬೇಕಾದ ಭಾಗಗಳ ಡ್ರಾಯಿಂಗ್ ಮುಂದಿಟ್ಟುಕೊಂಡು ಪ್ರತಿಯೊಂದಕ್ಕೂ ಬೇಕಾದ ಬಲ ಬರೆದುಕೊಳ್ಳಿ. ಇಲ್ಲಿ ನಾಲ್ಕು ಮಾದರಿ ತೆಗೆದುಕೊಳ್ಳೋಣ.

ಮೊದಲನೆಯದು ವಾಷರ್. ಹೊರವ್ಯಾಸ 50, ಒಳರಂಧ್ರ 20, ಮೈಲ್ಡ್ ಸ್ಟೀಲ್, 3 ಮಿ.ಮೀ. ದಪ್ಪ. ಕತ್ತರಿಸುವ ಬಲವೆಂದರೆ ಕತ್ತರಿಸುವ ಅಂಚಿನ ಉದ್ದ × ದಪ್ಪ × ಲೋಹದ ಕತ್ತರಿ ಬಲ. ಮೈಲ್ಡ್ ಸ್ಟೀಲಿಗೆ ಚದರ ಮಿ.ಮೀ.ಗೆ 40 ಕೆ.ಜಿ. ಹಿಡಿದರೆ, ಹೊರ ಅಂಚಿಗೆ 157 × 3 × 40 ಅಂದರೆ ಸುಮಾರು 18.8 ಟನ್, ಒಳರಂಧ್ರಕ್ಕೆ 7.5 ಟನ್. ಎರಡನ್ನೂ ಒಂದೇ ಏಟಿಗೆ ಕತ್ತರಿಸುವ ಕಾಂಪೌಂಡ್ ಡೈ ಆದರೆ 26 ಟನ್ ದಾಟುತ್ತದೆ. ಪಂಚಿಗೆ (ಮೇಲಿನಿಂದ ಇಳಿದು ಒತ್ತುವ ಉಕ್ಕಿನ ತುಂಡು) ಕಚ್ಚಿಕೊಂಡ ತಗಡನ್ನು ಬಿಡಿಸುವ ಬಲಕ್ಕೆ ಇನ್ನೊಂದು 10ರಿಂದ 20 ಶೇಕಡಾ ಸೇರಿಸಿ. ಎಲ್‌ಎಚ್‌ಬಿ (ಜರ್ಮನ್ ವಿನ್ಯಾಸದ ಹೊಸ ಮಾದರಿ) ಬೋಗಿಗಳ ಹಾಗೆ ಸ್ಟೇನ್‌ಲೆಸ್ ತಗಡಾದರೆ 40ರ ಜಾಗದಲ್ಲಿ 55 ಹಾಕಬೇಕು. ಆಗ ಹೊರ ಅಂಚೊಂದಕ್ಕೇ 26 ಟನ್ ಬೇಕು. "ಅದೇ ಡೈ, ಅದೇ ಪ್ರೆಸ್, ತಗಡು ಮಾತ್ರ ಸ್ಟೇನ್‌ಲೆಸ್" ಎಂದು ಆರ್ಡರ್ ಒಪ್ಪಿಕೊಳ್ಳುವವರು ಎಡವುವುದು ಇಲ್ಲಿ.

ಎರಡನೆಯದು 'ಎಲ್' ಬ್ರಾಕೆಟ್. ಬಾಗುವ ಉದ್ದ 300, ದಪ್ಪ 6 ಮಿ.ಮೀ., ಕೆಳಗಿನ ವಿ ಡೈ ಬಾಯಿ 48 ಮಿ.ಮೀ. (ದಪ್ಪದ ಎಂಟರಷ್ಟು). ಬಾಗಿಸುವ ಬಲ 1.33 × 45 × 300 × 36 ÷ 48 (45 ಲೋಹದ ಎಳೆತ ಬಲ, 36 ದಪ್ಪದ ವರ್ಗ), ಹತ್ತಿರ ಹತ್ತಿರ 13.5 ಟನ್. ಇದು ಗಾಳಿಯಲ್ಲಿ ಬಾಗಿಸುವ ಲೆಕ್ಕ. ಮೂಲೆ ಚೂಪಾಗಿ ಬರಲೆಂದು ಪಂಚನ್ನು ಡೈ ತಳಕ್ಕೆ ಒತ್ತಿದರೆ ಬಲ ಮೂರರಿಂದ ಐದು ಪಟ್ಟಾಗುತ್ತದೆ.

ಮೂರನೆಯದು 80 ಮಿ.ಮೀ. ವ್ಯಾಸ, 45 ಮಿ.ಮೀ. ಆಳ, 2 ಮಿ.ಮೀ. ದಪ್ಪದ ಬಟ್ಟಲಿನಂಥ ಮುಚ್ಚಳ. ಇದಕ್ಕೆ ಬೇಕಾದ ಬಿಲ್ಲೆಯ ವ್ಯಾಸ 144 ಮಿ.ಮೀ.; ಬಿಲ್ಲೆಗೂ ಬಟ್ಟಲಿಗೂ 1.8ರ ಅನುಪಾತ. ಒಂದೇ ಎಳೆತಕ್ಕೆ ಬರುವ ಮಿತಿಯೊಳಗಿದೆ. ಎಳೆಯುವ ಬಲ 3.14 × 80 × 2 × 35 (ಎಳೆಯುವ ಮೃದು ತಗಡಿಗೆ ಚದರ ಮಿ.ಮೀ.ಗೆ 35 ಕೆ.ಜಿ. ಹಿಡಿದು), ಗರಿಷ್ಠ 17.6 ಟನ್. ಸುಕ್ಕು ಬೀಳದಂತೆ ಬಿಲ್ಲೆಯನ್ನು ಹಿಡಿದಿಡುವ ಕುಶನ್ನಿಗೆ ಅದರ ಮೂರನೆಯ ಒಂದು ಭಾಗ, ಸುಮಾರು 6 ಟನ್. ಒಟ್ಟು 23.5 ಟನ್.

ನಾಲ್ಕನೆಯದು ಬುಷ್ ಒತ್ತುವುದು. ಬ್ರೇಕ್ ಲಿವರಿನ ಕಣ್ಣಿಗೆ 40 ಮಿ.ಮೀ. ಹೊರವ್ಯಾಸದ, 30 ಮಿ.ಮೀ. ಉದ್ದದ ಉಕ್ಕಿನ ಬುಷ್ ಬಿಗಿಯಾಗಿ ಕೂರಿಸಲು ಸಾಮಾನ್ಯ ಬಿಗುವಿನಲ್ಲಿ ಎರಡು ಮೂರು ಟನ್ ಸಾಕು. ಐಸಿಎಫ್ (ಚೆನ್ನೈನ ಇಂಟಿಗ್ರಲ್ ಕೋಚ್ ಫ್ಯಾಕ್ಟರಿಯ ಹಳೆಯ) ಮಾದರಿ ಬೋಗಿಗಳ ಬ್ರೇಕ್ ಗೇರಿನಲ್ಲಿ ಬರುವ ನೈಲಾನ್ ಬುಷ್ಷಿಗೆ ಅಷ್ಟೂ ಬೇಡ.

ನಾಲ್ಕೂ 32 ಟನ್ನಿನೊಳಗೇ ಇವೆ. ಹಾಗಾದರೆ 40 ಟನ್ ಪ್ರೆಸ್ ಒಂದು ತಂದರೆ ಎಲ್ಲ ಮುಗಿಯಿತಲ್ಲ ಅನ್ನಿಸುತ್ತದೆ. ಮುಗಿಯುವುದಿಲ್ಲ.

50 ಟನ್ ಸಿಗುವುದು ಎಲ್ಲಿ

ಮೆಕ್ಯಾನಿಕಲ್ ಪ್ರೆಸ್ಸಿನಲ್ಲಿ ಕ್ರ್ಯಾಂಕ್ ತಿರುಗಿ, ಪಂಚು ಹಿಡಿದು ಮೇಲೆ ಕೆಳಗೆ ಓಡುವ ರ‍್ಯಾಮನ್ನು ಇಳಿಸುತ್ತದೆ. ಕ್ರ್ಯಾಂಕ್ ತಳ ಮುಟ್ಟುವ ಹೊತ್ತಿಗೆ ತುಸು ತಿರುಗಿದರೂ ರ‍್ಯಾಮ್ ಕೂದಲೆಳೆಯಷ್ಟೇ ಇಳಿಯುತ್ತದೆ, ಅಲ್ಲಿ ಬಲ ಅಪಾರ. ನಡುದಾರಿಯಲ್ಲಿ ಅದೇ ತಿರುಗುಬಲಕ್ಕೆ ರ‍್ಯಾಮ್ ಬಹಳ ಇಳಿಯುತ್ತದೆ, ಅಲ್ಲಿ ಬಲ ಕಡಿಮೆ. ನೇಮ್‌ಪ್ಲೇಟಿನ ಟನ್ನು ತಳದಿಂದ ಕೆಲವು ಮಿ.ಮೀ. ಮೇಲೆ ಮಾತ್ರ ಸತ್ಯ. ಆ "ಕೆಲವು" ಎಷ್ಟೆಂದು ಮಾರುವವರನ್ನು ಬರಹದಲ್ಲಿ ಕೇಳಿ. ಉತ್ತರ ಕೊಡಲಾಗದವರ ಯಂತ್ರವನ್ನು ಕತ್ತರಿಸುವ ಕೆಲಸಕ್ಕಷ್ಟೇ ನಂಬಿ.

ನಮ್ಮ ಮುಚ್ಚಳಕ್ಕೇ ಲೆಕ್ಕ ಹಾಕಿ ನೋಡಿ. 50 ಟನ್ ಪ್ರೆಸ್, ಸ್ಟ್ರೋಕ್ (ಮೇಲಿನಿಂದ ತಳದವರೆಗಿನ ಓಟ) 150 ಮಿ.ಮೀ., ಪೂರ್ಣ ಟನ್ನು ತಳದಿಂದ 5 ಮಿ.ಮೀ. ಮೇಲೆ ಎಂದಿಟ್ಟುಕೊಳ್ಳಿ. ಅಲ್ಲಿ ಕ್ರ್ಯಾಂಕಿನ ಕೋನ ತಳದಿಂದ 21 ಡಿಗ್ರಿ. ಎಳೆತ ಶುರುವಾಗುವ 45 ಮಿ.ಮೀ. ಎತ್ತರದಲ್ಲಿ ಕೋನ 66 ಡಿಗ್ರಿ. ಬಲ ಕೋನದ ಸೈನಿಗೆ ವಿಲೋಮವಾಗಿ ಇಳಿಯುವುದರಿಂದ ಅಲ್ಲಿ ಸಿಗುವುದು 50 × 0.36 ÷ 0.92, ಅಂದರೆ 19.6 ಟನ್. ಬಟ್ಟಲು ಎಳೆಯಲು ಗರಿಷ್ಠ ಬಲ ಬೇಕಾಗುವುದು ತಳದಲ್ಲಲ್ಲ, ಎಳೆತದ ಮೊದಲರ್ಧದಲ್ಲಿ, ಅಂದರೆ ರ‍್ಯಾಮ್ ಇನ್ನೂ 25–30 ಮಿ.ಮೀ. ಮೇಲಿರುವಾಗ. 30 ಮಿ.ಮೀ.ಯಲ್ಲಿ ಸಿಗುವುದೂ 22 ಟನ್ ಮಾತ್ರ. ಬೇಕಾದದ್ದು 23.5. ನೇಮ್‌ಪ್ಲೇಟಿನ ಅರ್ಧಕ್ಕಿಂತ ಕಡಿಮೆ ಬಲ ಕೇಳುವ ಭಾಗಕ್ಕೆ ಈ ಪ್ರೆಸ್ ಸಾಲುವುದಿಲ್ಲ. ಯಂತ್ರ ತಕ್ಷಣ ನಿಂತುಬಿಟ್ಟರೆ ಅದೃಷ್ಟ. ಸಾಮಾನ್ಯವಾಗಿ ಅದು ಹೇಗೋ ಎಳೆದುಬಿಡುತ್ತದೆ, ಪ್ರತಿ ಏಟಿಗೂ ಕ್ಲಚ್ಚಿನ ಕೀ ಮತ್ತು ಕ್ರ್ಯಾಂಕಿನ ಮೂಲೆ ಸ್ವಲ್ಪ ಸ್ವಲ್ಪವೇ ಸೋಲುತ್ತಾ ಹೋಗುತ್ತವೆ.

ಬಲದಂತೆಯೇ ಶಕ್ತಿಯ ಲೆಕ್ಕವೂ ಇದೆ, ಇದನ್ನು ಕೇಳುವವರು ಇನ್ನೂ ಕಡಿಮೆ. ವಾಷರಿನ ಹೊರ ಅಂಚು ಕತ್ತರಿಸುವಾಗ 18.8 ಟನ್ ಬಲ ಕೆಲಸ ಮಾಡುವುದು ತಗಡಿನ ಸುಮಾರು ಅರ್ಧ ದಪ್ಪದವರೆಗೆ, 1.5 ಮಿ.ಮೀ. ಮಾತ್ರ, ಆಮೇಲೆ ತಗಡು ತಾನೇ ಬಿರಿಯುತ್ತದೆ. ಖರ್ಚಾಗುವುದು 280 ಜೌಲ್ ಆಸುಪಾಸು. ಮುಚ್ಚಳ ಎಳೆಯುವಾಗ ಬಲ 45 ಮಿ.ಮೀ. ಉದ್ದಕ್ಕೂ ಬೇಕು, ಸರಾಸರಿ ಬಲ ಗರಿಷ್ಠಕ್ಕಿಂತ ಕಡಿಮೆ ಎಂದು ಹಿಡಿದರೂ 6,700 ಜೌಲ್ ಹತ್ತಿರ. ಇಪ್ಪತ್ತನಾಲ್ಕು ಪಟ್ಟು! ಈ ಶಕ್ತಿಯೆಲ್ಲ ಭಾರದ ಚಕ್ರವಾದ ಫ್ಲೈವೀಲಿನಿಂದ ಬರಬೇಕು, ಕಳೆದುಕೊಂಡದ್ದನ್ನು ಮೋಟರು ಮುಂದಿನ ಏಟಿನೊಳಗೆ ತುಂಬಬೇಕು. 5 ಎಚ್‌ಪಿ ಮೋಟರು ನಿಮಿಷಕ್ಕೆ 40 ಏಟಿನ ವೇಗದಲ್ಲಿ ಪ್ರತಿ ಏಟಿಗೆ ತುಂಬಬಲ್ಲದ್ದು ಹೆಚ್ಚೆಂದರೆ 5,500 ಜೌಲ್. ಹಾಗಾಗಿ ಸತತ ಓಡಿಸಿದರೆ ಫ್ಲೈವೀಲು ನಿಧಾನವಾಗುತ್ತಾ ಹೋಗಿ ಕೊನೆಗೆ ರ‍್ಯಾಮ್ ತಳದಲ್ಲೇ ಕಚ್ಚಿಕೊಳ್ಳುತ್ತದೆ. ಮುಚ್ಚಳಕ್ಕೆ ಮೆಕ್ಯಾನಿಕಲ್ಲೇ ಬೇಕೆಂದರೆ 80 ಟನ್ನಿನದು, ಹಿಂಬದಿಯಲ್ಲಿ ಗೇರ್ ಇರುವ ನಿಧಾನ ಯಂತ್ರ ನೋಡಿ. ಫ್ಲೈವೀಲಿನಿಂದ ನೇರ ಓಡುವ ವೇಗದ ಯಂತ್ರ ಕತ್ತರಿಸಲಿಕ್ಕೆಂದೇ ಇರುವುದು.

ಪಿನ್ ಕ್ಲಚ್ಚೋ ಏರ್ ಕ್ಲಚ್ಚೋ

ಮೆಕ್ಯಾನಿಕಲ್ ಎಂದು ತೀರ್ಮಾನಿಸಿದ ಮೇಲೆ ಬರುವ ದೊಡ್ಡ ಆಯ್ಕೆ ಇದು. ಇದರಲ್ಲಿ ನಮ್ಮದು ಮಧ್ಯಸ್ಥ ನಿಲುವಲ್ಲ.

ಪಿನ್ ಕ್ಲಚ್ಚಿನಲ್ಲಿ ಪೆಡಲ್ ತುಳಿದ ಕೂಡಲೇ ಒಂದು ಉಕ್ಕಿನ ಕೀ ತಿರುಗಿ ಫ್ಲೈವೀಲಿನ ಕಚ್ಚಿಗೆ ಸಿಕ್ಕಿಕೊಳ್ಳುತ್ತದೆ. ಒಮ್ಮೆ ಸಿಕ್ಕಿತೆಂದರೆ ಪೂರ್ತಿ ಒಂದು ಸುತ್ತು ತಿರುಗಿಯೇ ತೀರಬೇಕು. ನಡುವೆ ನಿಲ್ಲಿಸಲು ಯಾರಿಂದಲೂ ಆಗದು. ಮೇಲೆ ಬಂದಾಗ ಕ್ಯಾಮ್ ಕೀಯನ್ನು ಬಿಡಿಸುತ್ತದೆ, ಪಟ್ಟಿ ಬ್ರೇಕು ಕ್ರ್ಯಾಂಕನ್ನು ಹಿಡಿಯುತ್ತದೆ. ಕೀಯ ಸ್ಪ್ರಿಂಗ್ ಮುರಿದರೆ, ಬಿಡಿಸುವ ತುದಿ ಸವೆದರೆ, ಇಲ್ಲವೇ ಬ್ರೇಕಿನ ಲೈನಿಂಗಿಗೆ ಎಣ್ಣೆ ತಾಗಿದರೆ, ಪೆಡಲ್ ತುಳಿಯದೆಯೇ ರ‍್ಯಾಮ್ ಎರಡನೆಯ ಸಲ ಇಳಿಯುತ್ತದೆ. ಆ ಹೊತ್ತಿಗೆ ಆಪರೇಟರಿನ ಬೆರಳು ಡೈಯೊಳಗಿನ ಭಾಗ ತೆಗೆಯುತ್ತಿರುತ್ತದೆ. ಪ್ರೆಸ್ ಶಾಪುಗಳಲ್ಲಿ ಬೆರಳು ಕಳೆದುಕೊಂಡವರ ಕಥೆಗಳಲ್ಲಿ "ತುಳಿಯಲೇ ಇಲ್ಲ, ತಾನೇ ಬಂತು" ಎಂಬ ಮಾತು ಮತ್ತೆ ಮತ್ತೆ ಬರುವುದು ಸುಮ್ಮನೆ ಅಲ್ಲ.

ಇಂಥ ಪ್ರೆಸ್ಸಿಗೆ ಲೈಟ್ ಕರ್ಟನ್ (ಕೈ ಅಡ್ಡ ಬಂದರೆ ಯಂತ್ರ ನಿಲ್ಲಿಸಬೇಕಾದ ಬೆಳಕಿನ ಕಿರಣಗಳ ಪರದೆ) ಹಾಕಿಸಿಕೊಂಡು ನಿಶ್ಚಿಂತರಾಗುವವರಿದ್ದಾರೆ. ಅದು ಬರೀ ಅಲಂಕಾರ. ಕಿರಣ ಕತ್ತರಿಸಿದೆ ಎಂದು ಕರ್ಟನ್ ಹೇಳಿದರೂ ನಿಲ್ಲಲು ಕ್ಲಚ್ಚಿಗೆ ಬರಬೇಕಲ್ಲ. ಪಿನ್ ಕ್ಲಚ್ ಯಂತ್ರಕ್ಕೆ ಸಲ್ಲುವ ರಕ್ಷಣೆ ಒಂದೇ, ಡೈಯ ಸುತ್ತ ಬೋಲ್ಟ್ ಹಾಕಿ ಕೂರಿಸಿದ ಜಾಲರಿ. ತಗಡು ತೂರುವ ಸಂದು 6 ಮಿ.ಮೀ. ಮೀರಬಾರದು, ಭಾಗ ಕೆಳಗಿನಿಂದಲೋ ಹಿಂದಿನಿಂದಲೋ ಬೀಳಬೇಕು. ಬಿಲ್ಲೆ ಒಂದೊಂದಾಗಿ ಕೈಯಿಂದ ಇಡುವ ಕೆಲಸವನ್ನು ಇದಕ್ಕೆ ಕೊಡಲೇಬೇಡಿ.

ಏರ್ ಕ್ಲಚ್ಚಿನಲ್ಲಿ ಚದರ ಸೆಂ.ಮೀ.ಗೆ 5–6 ಕೆ.ಜಿ. ಒತ್ತಡದ ಗಾಳಿ ಪ್ಲೇಟುಗಳನ್ನು ಒತ್ತಿ ಹಿಡಿಯುತ್ತದೆ. ಗಾಳಿ ಹೋದರೆ ಸ್ಪ್ರಿಂಗುಗಳು ಬ್ರೇಕ್ ಹಾಕುತ್ತವೆ. ಕರೆಂಟು ಹೋಗಲಿ, ಪೈಪು ಕಿತ್ತುಬರಲಿ, ಯಂತ್ರ ನಿಲ್ಲುವ ಕಡೆಗೇ ವಾಲುತ್ತದೆ. (ರೈಲಿನ ಏರ್ ಬ್ರೇಕಿನ ಬುದ್ಧಿಯೂ ಇದೇ. ಜಾರ್ಜ್ ವೆಸ್ಟಿಂಗ್‌ಹೌಸ್ 1872ರ ಹೊತ್ತಿಗೆ ರೂಪಿಸಿದ ಸ್ವಯಂಚಾಲಿತ ಬ್ರೇಕಿನಲ್ಲಿ ಬೋಗಿಗಳು ಕಳಚಿ ಪೈಪಿನ ಗಾಳಿ ಸೋರಿದರೆ ಬ್ರೇಕು ತಾನೇ ಹತ್ತುತ್ತದೆ.) ರ‍್ಯಾಮನ್ನು ಎಲ್ಲಿ ಬೇಕಾದರೂ ನಿಲ್ಲಿಸಬಹುದು, ಡೈ ಕಟ್ಟುವಾಗ ಇಂಚಿಂಚಾಗಿ ಇಳಿಸಬಹುದು. ಗಾಳಿ ಬಿಡುವ ವಾಲ್ವು ಜೋಡಿ ವಾಲ್ವೇ ಆಗಿರಬೇಕು. ಒಂದು ಸಿಕ್ಕಿಹಾಕಿಕೊಂಡರೂ ಇನ್ನೊಂದು ಗಾಳಿ ಬಿಡಬೇಕು. ಒಂಟಿ ವಾಲ್ವಿನ ಅಗ್ಗದ ಯಂತ್ರಗಳೂ ಸಿಗುತ್ತವೆ, ಉಳಿಯುವ ಹಣ ಆ ಅಪಾಯಕ್ಕೆ ಸಮನಲ್ಲ.

ಎರಡು ಕೈ ಬಟನ್ ಇದ್ದರೂ ಅದನ್ನು ಡೈಯಿಂದ ಎಷ್ಟು ದೂರ ಇಡಬೇಕೆಂಬುದಕ್ಕೆ ಲೆಕ್ಕವಿದೆ. ಕೈ ಸೆಕೆಂಡಿಗೆ 1,600 ಮಿ.ಮೀ. ವೇಗದಲ್ಲಿ ಚಲಿಸುತ್ತದೆಂದು ಹಿಡಿಯುತ್ತಾರೆ. ರ‍್ಯಾಮ್ ಪೂರ್ತಿ ನಿಲ್ಲಲು ಕಾಲು ಸೆಕೆಂಡ್ ಬೇಕಾದರೆ 400 ಮಿ.ಮೀ., ಅದಕ್ಕೆ 250 ಸೇರಿಸಿ 650 ಮಿ.ಮೀ. ದೂರ. ಎರಡೂ ಬಟನ್ ಅರ್ಧ ಸೆಕೆಂಡಿನೊಳಗೆ ಒತ್ತಿದರಷ್ಟೇ ಯಂತ್ರ ಹೊರಡಬೇಕು. ಇಲ್ಲದಿದ್ದರೆ ಒಂದಕ್ಕೆ ಬೆಣೆ ಹೊಡೆದು ಒಂದೇ ಕೈಯಲ್ಲಿ ಓಡಿಸುವುದು ಶುರುವಾಗುತ್ತದೆ. ಬ್ರೇಕ್ ಸವೆದಂತೆ ನಿಲ್ಲುವ ಸಮಯ ಏರುತ್ತದೆ, ದೂರ ಸಾಲದಾಗುತ್ತದೆ. ನಿಲ್ಲುವ ಸಮಯವನ್ನು ವರ್ಷಕ್ಕೊಮ್ಮೆಯಾದರೂ ಅಳೆಸಿ.

ಏರ್ ಕ್ಲಚ್ಚಿಗೆ ಕಂಪ್ರೆಸರ್ ಬೇಕು, ಗಾಳಿಯ ನೀರು ಬಸಿಯುವ ಫಿಲ್ಟರ್ ಬೇಕು, ಬೆಲೆಯೂ ಹೆಚ್ಚು. ಆದರೂ ಇವತ್ತು ಹೊಸದಾಗಿ ಕೊಳ್ಳುವವರಿಗೆ ಪಿನ್ ಕ್ಲಚ್ ಬೇಡವೆಂದೇ ಹೇಳುತ್ತೇವೆ.

ಹೈಡ್ರಾಲಿಕ್: ಎಲ್ಲಿ ಗೆಲ್ಲುತ್ತದೆ, ಎಲ್ಲಿ ಸೋಲುತ್ತದೆ

ಹೈಡ್ರಾಲಿಕ್ಕಿನಲ್ಲಿ ಟನ್ನಿನ ಲೆಕ್ಕ ಸರಳ: ಒತ್ತಡ × ಪಿಸ್ಟನ್ನಿನ ವಿಸ್ತೀರ್ಣ. 180 ಮಿ.ಮೀ. ಬೋರಿನ ಸಿಲಿಂಡರಿನ ವಿಸ್ತೀರ್ಣ 254 ಚದರ ಸೆಂ.ಮೀ.; ಚದರ ಸೆಂ.ಮೀ.ಗೆ 200 ಕೆ.ಜಿ. ಒತ್ತಡಕ್ಕೆ 50.8 ಟನ್. ಸ್ಟ್ರೋಕಿನ ಮೇಲೂ ಅಷ್ಟೇ, ನಡುವೆಯೂ ಅಷ್ಟೇ, ತಳದಲ್ಲೂ ಅಷ್ಟೇ. ನಮ್ಮ ಮುಚ್ಚಳ ಇಲ್ಲಿ 40 ಟನ್ ಯಂತ್ರದಲ್ಲೇ ನೆಮ್ಮದಿಯಾಗಿ ಬರುತ್ತದೆ. ರಿಲೀಫ್ ವಾಲ್ವನ್ನು 25 ಟನ್ನಿಗೆ ಕಟ್ಟಿಟ್ಟರೆ, ಎರಡು ಬಿಲ್ಲೆ ಒಟ್ಟಿಗೆ ಬಿದ್ದರೂ ಯಂತ್ರ ಒತ್ತುವುದನ್ನು ನಿಲ್ಲಿಸುತ್ತದೆಯೇ ಹೊರತು ಡೈ ಒಡೆಯುವುದು ಕಡಿಮೆ. ಮೆಕ್ಯಾನಿಕಲ್‌ನಲ್ಲಿ ಹಾಗಾದರೆ ರ‍್ಯಾಮಿನಲ್ಲಿ ಬಲಿಗೆಂದೇ ಇಟ್ಟ ಶಿಯರ್ ಪ್ಲೇಟ್ ತುಂಡಾಗಬೇಕು. ಅದು ಹೋದಾಗ "ಸದ್ಯಕ್ಕೆ" ಎಂದು ದಪ್ಪ ಉಕ್ಕಿನ ಬಿಲ್ಲೆ ಹಾಕಿದ್ದರೆ ತುಂಡಾಗುವುದು ಬಾಡಿ.

ಸೋಲುವುದು ವೇಗದಲ್ಲಿ. 10 ಎಚ್‌ಪಿ ಮೋಟರು 200 ಕೆ.ಜಿ. ಒತ್ತಡದಲ್ಲಿ ಕೊಡಬಲ್ಲ ಎಣ್ಣೆ ನಿಮಿಷಕ್ಕೆ 19–20 ಲೀಟರ್. ಆ 180 ಬೋರಿನಲ್ಲಿ ಅದು ಸೆಕೆಂಡಿಗೆ 13 ಮಿ.ಮೀ. ಇಳಿತ. ಹೈ-ಲೋ ಪಂಪ್ ಹಾಕಿ ಖಾಲಿ ಇಳಿತವನ್ನು ವೇಗ ಮಾಡಿದರೂ ಸಾಮಾನ್ಯ ಯಂತ್ರ ನಿಮಿಷಕ್ಕೆ ಆರೇಳು ಏಟಿಗಿಂತ ಮುಂದೆ ಹೋಗುವುದು ಕಷ್ಟ. ತಿಂಗಳಿಗೆ ಒಂದು ಲಕ್ಷ ವಾಷರ್ ಬೇಕೆನ್ನಿ. ನಿಮಿಷಕ್ಕೆ 20ರಂತೆ ಮೆಕ್ಯಾನಿಕಲ್‌ನಲ್ಲಿ 83 ಗಂಟೆ. ನಿಮಿಷಕ್ಕೆ 6ರಂತೆ ಹೈಡ್ರಾಲಿಕ್‌ನಲ್ಲಿ 278 ಗಂಟೆ. ತಿಂಗಳಿಗೆ 26 ದಿನ, ದಿನಕ್ಕೆ ಎಂಟು ಗಂಟೆಯ ಒಂದು ಶಿಫ್ಟಿನಲ್ಲಿ ಇರುವುದೇ 208 ಗಂಟೆ.

ಕತ್ತರಿಸುವ ಕೆಲಸಕ್ಕೆ ಹೈಡ್ರಾಲಿಕ್ ಒಗ್ಗದಿರಲು ಇನ್ನೊಂದು ಕಾರಣವೂ ಇದೆ. 200 ಕೆ.ಜಿ. ಒತ್ತಡದಲ್ಲಿ ಎಣ್ಣೆಯೂ ಶೇಕಡಾ ಒಂದರಷ್ಟು ಕುಗ್ಗಿರುತ್ತದೆ, ಬಾಡಿ ಹಿಗ್ಗಿರುತ್ತದೆ. ತಗಡು ಬಿರಿದ ಕ್ಷಣ ಆ ಶಕ್ತಿಯೆಲ್ಲ ಒಮ್ಮೆಲೇ ಬಿಡುಗಡೆಯಾಗಿ ರ‍್ಯಾಮ್ ಮುಂದಕ್ಕೆ ಜಿಗಿಯುತ್ತದೆ. 'ಡಬ್' ಎಂಬ ಆ ಸದ್ದು ಕೇಳಿಸಿದಷ್ಟೂ ಸೀಲು, ಪೈಪಿನ ಜಾಯಿಂಟು, ಗೇಜು ಒಂದೊಂದಾಗಿ ಹೋಗುತ್ತವೆ. ಕತ್ತರಿಸಲೇಬೇಕಾದರೆ ಟನ್ನಿನ ಅರ್ಧದೊಳಗೆ ಇರಿ, ಇಲ್ಲವೇ ಅಂಚಿಗೆ ಓರೆ ಕೊಡಿ. ಓರೆ ಯಾವುದಕ್ಕೆ ಎಂಬುದನ್ನು ಗಮನಿಸಬೇಕು. ಕತ್ತರಿಸಿ ಬಿದ್ದ ತುಂಡೇ ಭಾಗವಾದರೆ ಡೈಗೆ ಓರೆ, ಪಂಚು ಚಪ್ಪಟೆ. ತಗಡಿನಲ್ಲಿ ಉಳಿದ ರಂಧ್ರವೇ ಕೆಲಸವಾದರೆ ಪಂಚಿಗೆ ಓರೆ, ಡೈ ಚಪ್ಪಟೆ. ತಿರುಗಾಮುರುಗಾ ಮಾಡಿದರೆ ವಾಷರ್ ದೋಣಿಯ ಹಾಗೆ ಬಾಗಿ ಬೀಳುತ್ತದೆ.

ಹೈಡ್ರಾಲಿಕ್ಕಿಗೆ ಸಾಟಿಯೇ ಇಲ್ಲದ್ದು ಒತ್ತಿ ಕೂರಿಸುವ ಕೆಲಸದಲ್ಲಿ. ಯಲಹಂಕದಲ್ಲಿ 1984ರಿಂದ ನಡೆಯುತ್ತಿರುವ ರೈಲು ಗಾಲಿ ಕಾರ್ಖಾನೆಯಂಥ ಕಡೆ ಗಾಲಿಯನ್ನು ಆಕ್ಸಲಿಗೆ ಕೂರಿಸುವಾಗ ಬೋಲ್ಟೂ ಇಲ್ಲ, ವೆಲ್ಡಿಂಗೂ ಇಲ್ಲ. ಗಾಲಿಯ ರಂಧ್ರಕ್ಕಿಂತ ಆಕ್ಸಲಿನ ಕೂರು ಜಾಗ ಕೂದಲೆಳೆಯಷ್ಟು ದಪ್ಪವಾಗಿದ್ದು, ಹೈಡ್ರಾಲಿಕ್ ಪ್ರೆಸ್ ಹತ್ತಾರು ಟನ್ ಬಲದಿಂದ ತಳ್ಳಿ ಕೂರಿಸುತ್ತದೆ. ಹೀಗೆ ಕೂರಿಸುವಾಗ ಬಲ ಮತ್ತು ದೂರದ ಗ್ರಾಫ್ ಬರೆಸಿಕೊಳ್ಳುತ್ತಾರೆ. ಗೆರೆ ಸಮನಾಗಿ ಏರುತ್ತಾ ಹೋದರೆ ಕೂರಿಕೆ ಸರಿ. ನಡುವೆ ಕುಸಿದರೆ ಕೂರು ಜಾಗ ಓರೆಯಾಗಿದೆ ಇಲ್ಲವೇ ಕೆರೆದಿದೆ. ಥಟ್ಟನೆ ಮೇಲಕ್ಕೆ ಚಿಮ್ಮಿದರೆ ಸವರಿದ ಜಿಡ್ಡು ಸಾಲದೆ ಲೋಹಕ್ಕೆ ಲೋಹ ಕಚ್ಚಿದೆ. ಬುಷ್ ಒತ್ತುವ ನಿಮ್ಮ ಸಣ್ಣ ಶೆಡ್ಡಿನಲ್ಲೂ ಈ ವಿದ್ಯೆ ನಡೆಯುತ್ತದೆ. 10 ಟನ್ನಿನ ಹೈಡ್ರಾಲಿಕ್, ಬಲ ಅಳೆಯುವ ಒಂದು ಲೋಡ್ ಸೆಲ್, ಪ್ರತಿ ಬುಷ್ಷಿಗೆ ಎಷ್ಟು ಬಲ ಬಂತೆಂದು ಬರೆದಿಡುವ ಒಂದು ರಿಜಿಸ್ಟರು. 2.7 ಟನ್ ಬರಬೇಕಾದಲ್ಲಿ 0.8 ಬಂದರೆ ಬುಷ್ ಸಡಿಲ, ಆ ಲಿವರ್ ಬದಿಗಿಡಿ. ರೈಲ್ವೆ ತಪಾಸಣೆಗೆ ಬಂದವರಿಗೆ ಈ ರಿಜಿಸ್ಟರು ಕಾಣಿಸಿದರೆ ಅರ್ಧ ಮಾತು ಉಳಿಯುತ್ತದೆ.

ಕಾಂಪೋಸಿಟ್ ಬ್ರೇಕ್ ಬ್ಲಾಕ್, ರಬ್ಬರ್ ಪ್ಯಾಡ್ ಇಂಥ ಅಚ್ಚೊತ್ತುವ ಕೆಲಸಕ್ಕಂತೂ ಬೇರೆ ದಾರಿಯೇ ಇಲ್ಲ. ಬಿಸಿ ಡೈಯಲ್ಲಿ ನಿಮಿಷಗಟ್ಟಲೆ ಒತ್ತಿ ಹಿಡಿಯಬೇಕು, ನಡುವೆ ಒಂದೆರಡು ಸಲ ಡೈಯನ್ನು ತುಸು ತೆರೆದು ಒಳಗಿನ ಅನಿಲ ಬಿಡಬೇಕು. ಕ್ರ್ಯಾಂಕಿಗೆ ಹಿಡಿದು ನಿಲ್ಲುವುದೇ ಗೊತ್ತಿಲ್ಲ.

ಎಣ್ಣೆಯ ವಿಷಯ ಚಿಕ್ಕದಾಗಿ: ನಮ್ಮ ಸೆಕೆಗೆ 68 ಗ್ರೇಡ್ ಎಣ್ಣೆ, ಟ್ಯಾಂಕಿನ ಬಿಸಿ 60 ಡಿಗ್ರಿ ದಾಟದಂತೆ ಕೂಲರ್, ರಿಟರ್ನ್ ಲೈನಿಗೆ 10 ಮೈಕ್ರಾನ್ ಫಿಲ್ಟರ್. ಪಂಪು ಜಲ್ಲಿ ಅರೆದಂತೆ ಸದ್ದು ಮಾಡಿದರೆ ಮೊದಲು ಸಕ್ಷನ್ ಜಾಲರಿ ತೊಳೆಯಿರಿ, ಪಂಪು ಬಿಚ್ಚುವುದು ಆಮೇಲೆ.

ಮತ್ತೊಂದು ಎಚ್ಚರ. ಎಣ್ಣೆ ಹಿಡಿದಿದೆ ಎಂದು ರ‍್ಯಾಮಿನ ಕೆಳಗೆ ಕೈ ಹಾಕಬೇಡಿ. ಜೋಸೆಫ್ ಬ್ರಾಮಾ 1795ರಲ್ಲಿ ಪೇಟೆಂಟ್ ಪಡೆದ ಹೈಡ್ರಾಲಿಕ್ ಪ್ರೆಸ್, ಐವತ್ತು ವರ್ಷಗಳಲ್ಲಿ ರೈಲು ಸೇತುವೆ ಎತ್ತುವ ಮಟ್ಟಕ್ಕೆ ಬೆಳೆದಿತ್ತು. 1849ರಲ್ಲಿ ವೇಲ್ಸಿನ ಬ್ರಿಟಾನಿಯಾ ಸೇತುವೆಯ ಕಬ್ಬಿಣದ ಕೊಳವೆಯನ್ನು ಎತ್ತುತ್ತಿದ್ದಾಗ ಪ್ರೆಸ್ಸಿನ ಸಿಲಿಂಡರಿನ ತಳ ಒಡೆದುಹೋಯಿತು. ಕೊಳವೆ ಕೆಳಗುರುಳದೆ ಕೆಲವೇ ಇಂಚು ಕುಸಿದು ನಿಂತದ್ದು, ಎತ್ತುತ್ತಾ ಹೋದಂತೆ ಅದರ ಅಡಿಗೆ ತುಂಬುತ್ತಾ ಬರಬೇಕೆಂದು ರಾಬರ್ಟ್ ಸ್ಟೀಫನ್‌ಸನ್ ಪಟ್ಟುಹಿಡಿದಿದ್ದರಿಂದ. ಡೈ ಬಿಚ್ಚುವಾಗ ರ‍್ಯಾಮಿನ ಅಡಿಗೆ ಇಡುವ ಉಕ್ಕಿನ ಕಂಬದ ತುಂಡು ಅದೇ ಕೆಲಸ ಮಾಡುತ್ತದೆ. ಅದನ್ನು ಸರಪಳಿ ಹಾಕಿ ಯಂತ್ರಕ್ಕೇ ಕಟ್ಟಿಡಿ, ಕಳೆಯಬಾರದು.

ಫ್ಲೈ ಪ್ರೆಸ್ಸನ್ನು ಕಡೆಗಣಿಸಬೇಡಿ

ತಲೆಯ ಮೇಲೆ ಕಬ್ಬಿಣದ ಗುಂಡು, ಕೈಯಲ್ಲಿ ಹಿಡಿ, ನಡುವೆ ದಪ್ಪ ಸ್ಕ್ರೂ. ಕರೆಂಟು ಬೇಡ, ಫೌಂಡೇಶನ್ ಬೇಡ. ನೈಲಾನ್ ಬುಷ್ ಕೂರಿಸಲು, ತೆಳು ತಗಡಿಗೆ ತೂತು ಹಾಕಲು, ಬಾಗಿದ ಪಿನ್ ನೆಟ್ಟಗೆ ಮಾಡಲು, ಹೊಸ ಡೈ ಪರೀಕ್ಷಿಸಲು ಇದು ಸಾಕು. ಬುಷ್ ಓರೆಯಾಗಿ ಹತ್ತುತ್ತಿದ್ದರೆ ಕೈಗೆ ಮೊದಲೇ ಗೊತ್ತಾಗುತ್ತದೆ. ಯಾವ ಗೇಜೂ ಅಷ್ಟು ಬೇಗ ಹೇಳುವುದಿಲ್ಲ. ಆದರೆ ಇದು ಕೊಡುವುದು ಟನ್ನಲ್ಲ, ಏಟು. ಬೀಸಿದ ಕೈಗೆ ತಕ್ಕಂತೆ ಬಲ ಬದಲಾಗುವುದರಿಂದ ಬಾಗಿಸಿದ ಕೋನ ಬೆಳಿಗ್ಗೆ ಒಂದು, ಸಂಜೆ ಒಂದು. ಸ್ಕ್ರೂಗೆ ತಳವೆಂಬುದಿಲ್ಲವಾದ್ದರಿಂದ ಕ್ರ್ಯಾಂಕಿನ ಹಾಗೆ ತಳದಲ್ಲಿ ಕಚ್ಚಿಕೊಳ್ಳುವುದೂ ಇಲ್ಲ. ಇದರದೇ ದೊಡ್ಡಣ್ಣ ಫ್ರಿಕ್ಷನ್ ಸ್ಕ್ರೂ ಪ್ರೆಸ್. ಬಿಸಿ ಕಬ್ಬಿಣ ಬಡಿಯುವವರಿಗೆ ಬೇಕು, ತಗಡಿನವರಿಗೆ ಬೇಡ.

ಸಿ ಬಾಡಿ, ಎಚ್ ಬಾಡಿ

ಸಿ ಬಾಡಿಯಲ್ಲಿ ಮೂರು ಕಡೆ ತೆರೆದಿರುವುದರಿಂದ ತಗಡು ಹಾಕಲು ಸುಲಭ. ಭಾರ ಬಿದ್ದಾಗ ಮಾತ್ರ ಅದು ಬಾಯಿ ತೆರೆಯುತ್ತದೆ, ಪಂಚು ಡೈಯ ನೇರದಿಂದ ತುಸು ವಾಲುತ್ತದೆ. ನಮ್ಮ 3 ಮಿ.ಮೀ. ತಗಡಿಗೆ ಪಂಚು ಮತ್ತು ಡೈ ನಡುವೆ ಒಂದೊಂದು ಬದಿಗೆ ಬಿಡುವ ಸಂದು 0.15ರಿಂದ 0.24 ಮಿ.ಮೀ. ಮಾತ್ರ. ಬಾಡಿ ವಾಲಿದಷ್ಟನ್ನೂ ಇದರಲ್ಲೇ ಕಳೆಯಬೇಕು. ವಾಷರಿನ ಬರ್ (ಕತ್ತರಿಸಿದ ಅಂಚಿನಲ್ಲಿ ಏಳುವ ಚೂಪು) ಸುತ್ತಲೂ ಸಮನಾಗಿರದೆ ಮುಂದೆ ಅಥವಾ ಹಿಂದೆ ಮಾತ್ರ ಎದ್ದಿದ್ದರೆ ಡೈಯನ್ನು ಸಾಣೆಗೆ ಕಳಿಸುವ ಮೊದಲು ಬಾಡಿಯನ್ನು ಅನುಮಾನಿಸಿ. ಪಿಲ್ಲರ್ ಡೈ ಸೆಟ್ (ಪಂಚು, ಡೈ ಎರಡನ್ನೂ ಕಂಬಗಳಿಂದ ನೇರಕ್ಕೆ ಹಿಡಿಯುವ ಜೋಡಿ) ಹಾಕಿದರೆ ಸರಿಹೋಗುತ್ತದೆಂಬುದು ಅರ್ಧ ಸತ್ಯ. ಟನ್ನುಗಟ್ಟಲೆ ವಾಲುವ ಬಾಡಿಯನ್ನು ಬೆರಳು ಗಾತ್ರದ ಪಿಲ್ಲರ್ ತಡೆಯಲಾರದು, ತಾನೇ ಸವೆಯುತ್ತದೆ. ಸಿ ಬಾಡಿಯನ್ನು ಟನ್ನಿನ ಶೇಕಡಾ 70ರೊಳಗೆ ಓಡಿಸಿ. ಬಟ್ಟಲು ಎಳೆಯಲು, ಕಾಂಪೌಂಡ್ ಡೈಗೆ, 80 ಟನ್ನಿನ ಮೇಲಿನದಕ್ಕೆ ಎರಡೂ ಬದಿ ಕಂಬವಿರುವ ಎಚ್ ಬಾಡಿ.

ಹಳೆಯದನ್ನು ನೋಡಲು ಹೋದಾಗ

ಹೊಸ ಏರ್ ಕ್ಲಚ್ ಯಂತ್ರಕ್ಕೆ ಹಣ ಸಾಲದೆ ಹಳೆಯದಕ್ಕೆ ಹೋಗುವವರೇ ಹೆಚ್ಚು. ತಪ್ಪಿಲ್ಲ. ಹೋಗುವಾಗ ಚೀಲದಲ್ಲಿ ಒಂದು ಡಯಲ್ ಗೇಜು, ಒಂದು ಬಾಟಲ್ ಜ್ಯಾಕು, ಒಂದು ಮೂಲೆಮಟ್ಟ, ಸ್ವಲ್ಪ ಸೀಮೆಎಣ್ಣೆ, ಒಂದು ಸೀಮೆಸುಣ್ಣ ಇರಲಿ. ಹೊಸ ಬಣ್ಣ ಹೊಡೆದು ನಿಲ್ಲಿಸಿದ ಯಂತ್ರವಾದರೆ ಇನ್ನೂ ಜಾಗ್ರತೆ.

ಮೊದಲು ಬಾಡಿ. ಸಿ ಬಾಡಿಯ ಗಂಟಲಿನ ಮೂಲೆಗಳಲ್ಲಿ ಬಣ್ಣ ಕೆರೆದು ಸೀಮೆಎಣ್ಣೆ ಹಚ್ಚಿ, ಹತ್ತು ನಿಮಿಷ ಬಿಟ್ಟು ಒಣಗುವಂತೆ ಒರೆಸಿ, ಸೀಮೆಸುಣ್ಣ ಉಜ್ಜಿ. ಬಿರುಕಿದ್ದರೆ ಒಳಗಿಳಿದ ಎಣ್ಣೆ ಸುಣ್ಣದ ಮೇಲೆ ಕಪ್ಪು ಗೆರೆಯಾಗಿ ಎದ್ದು ಬರುತ್ತದೆ. ಎರಕದ ಬಾಡಿಯಲ್ಲಿ ಅಂಥ ಗೆರೆ ಕಂಡರೆ ಬೆಲೆ ಎಷ್ಟೇ ಇಳಿಸಲಿ, ಎದ್ದು ಬನ್ನಿ. ಹಿತ್ತಾಳೆ ತುಂಬಿದ ಗುರುತು ಕಂಡರೂ ಅಷ್ಟೇ. ಪ್ಲೇಟ್ ಬೆಸೆದು ಮಾಡಿದ ಬಾಡಿಯಾದರೆ ಒಳ್ಳೆಯ ವೆಲ್ಡರು ಸರಿಮಾಡಬಲ್ಲ.

ಆಮೇಲೆ ಮೇನ್ ಸ್ವಿಚ್ ಆರಿಸಿ, ಫ್ಲೈವೀಲು ಪೂರ್ತಿ ನಿಂತ ಮೇಲೆ, ರ‍್ಯಾಮನ್ನು ಕೈಯಿಂದ ತಿರುಗಿಸಿ ತಳಕ್ಕೆ ತನ್ನಿ. ಬೆಡ್ಡಿಗೂ ರ‍್ಯಾಮಿಗೂ ನಡುವೆ ಜ್ಯಾಕಿಟ್ಟು, ರ‍್ಯಾಮಿಗೆ ಡಯಲ್ ತಾಗಿಸಿ ಮೆಲ್ಲಗೆ ಎತ್ತಿ. ಮುಳ್ಳು ಎಷ್ಟು ಓಡಿತೋ ಅಷ್ಟು ಕ್ರ್ಯಾಂಕ್ ಬುಷ್, ಕನೆಕ್ಟಿಂಗ್ ರಾಡ್, ಬಾಲ್ ಸೀಟಿನ ಒಟ್ಟು ಸಡಿಲ. ಅರ್ಧ ಮಿ.ಮೀ. ದಾಟಿದ್ದರೆ ಬುಷ್ಷುಗಳ ಖರ್ಚನ್ನು ಬೆಲೆಯಲ್ಲಿ ಕಳೆಯಿರಿ. ಅದೇ ಡಯಲನ್ನು ರ‍್ಯಾಮಿನ ಪಕ್ಕಕ್ಕೆ ಹಚ್ಚಿ ಮರದ ಸನ್ನೆಯಿಂದ ಅಲ್ಲಾಡಿಸಿ. ಗಿಬ್ಬಿನ (ಅದು ಜಾರುವ ದಾರಿಯ ಪಟ್ಟಿ) ಸಡಿಲಕ್ಕೆ ಹೆದರಬೇಕಿಲ್ಲ, ಬೋಲ್ಟು ಬಿಗಿದರೆ ಸರಿಹೋಗುತ್ತದೆ. ಬೋಲ್ಟುಗಳು ಕೊನೆಯ ಸುತ್ತಿಗೆ ಬಂದಿದ್ದರೆ ಮಾತ್ರ ಹೊಸ ಪಟ್ಟಿ ಬೇಕು.

ಕ್ಲಚ್ಚಿನ ಪರೀಕ್ಷೆ ಡೈ ಇಲ್ಲದೆ. ಯಂತ್ರವನ್ನು ಸಿಂಗಲ್ ಸ್ಟ್ರೋಕಿಗೆ ಇಟ್ಟು ಪೆಡಲ್ ಒತ್ತಿಯೇ ಹಿಡಿಯಿರಿ. ಒಂದು ಏಟಿಗೇ ನಿಲ್ಲಬೇಕು. ಹೀಗೆ ಇಪ್ಪತ್ತು ಸಲ. ಒಮ್ಮೆ ಎರಡನೇ ಏಟು ಬಂದರೂ ಯಂತ್ರ ಅನುತ್ತೀರ್ಣ. ಪ್ರತಿ ಸಲ ರ‍್ಯಾಮ್ ಮೇಲೆ ಒಂದೇ ಜಾಗದಲ್ಲಿ ನಿಲ್ಲುತ್ತದೆಯೇ ನೋಡಿ. ಬಿಸಿಯಾದಂತೆ ಮುಂದೆ ಮುಂದೆ ಜಾರುತ್ತಿದ್ದರೆ ಬ್ರೇಕ್ ಲೈನಿಂಗ್ ಮುಗಿದಿದೆ.

ಹೈಡ್ರಾಲಿಕ್ ಆದರೆ ಬೆಡ್ಡಿನ ಮೇಲೆ ದಿಮ್ಮಿಯಿಟ್ಟು ಪೂರ್ಣ ಒತ್ತಡಕ್ಕೆ ತಂದು ಮೋಟರು ಆರಿಸಿ. ಐದು ನಿಮಿಷ ಗೇಜು ನೋಡುತ್ತಾ ನಿಲ್ಲಿ. ತುಸು ಇಳಿಯುವುದು ಸಹಜ. ಮುಳ್ಳು ಕಣ್ಣೆದುರೇ ಜಾರುತ್ತಿದ್ದರೆ ಪಿಸ್ಟನ್ ಸೀಲೋ ವಾಲ್ವೋ ಸೋರುತ್ತಿದೆ. ರಾಡಿನ ಮೇಲೆ ಉಗುರು ಎಳೆಯಿರಿ. ಉಗುರಿಗೆ ಸಿಗುವ ಗೆರೆಯಿದ್ದರೆ ಹೊಸ ಸೀಲು ಹಾಕಿದರೂ ಬಹಳ ದಿನ ಬಾಳದು, ರಾಡಿಗೇ ಕ್ರೋಮ್ ಹಾಕಿಸಬೇಕು. ಎಣ್ಣೆ ಹಾಲಿನಂತೆ ಬೆಳ್ಳಗಿದ್ದರೆ ನೀರು ಸೇರಿದೆ.

ಕರೆಂಟಿನ ಲೆಕ್ಕವನ್ನೂ ಅಲ್ಲೇ ಮುಗಿಸಿ. ಫ್ಲೈವೀಲು ಶಕ್ತಿ ಕೂಡಿಟ್ಟುಕೊಳ್ಳುವುದರಿಂದ 50 ಟನ್ ಮೆಕ್ಯಾನಿಕಲ್ 5 ಎಚ್‌ಪಿಯಲ್ಲಿ ನಡೆಯುತ್ತದೆ. ಅದೇ ಟನ್ನಿನ ಹೈಡ್ರಾಲಿಕ್ಕಿಗೆ ಅದರ ಎರಡು ಪಟ್ಟಾದರೂ ಬೇಕು. ಬೆಸ್ಕಾಂ ಅಥವಾ ಹೆಸ್ಕಾಂ ಮಂಜೂರು ಮಾಡಿದ ಲೋಡು ಅದಕ್ಕೆ ಸಾಲದಿದ್ದರೆ ಲೋಡು ಹೆಚ್ಚಿಸುವ ಖರ್ಚನ್ನೂ ಯಂತ್ರದ ಬೆಲೆಗೆ ಕೂಡಿಸಿ.

ಹಾಗಾದರೆ ಯಾವುದು

ಕೈಯಲ್ಲಿರುವ ಆರ್ಡರು ಹೆಚ್ಚಾಗಿ ವಾಷರು, ಪ್ಯಾಕಿಂಗ್ ಪ್ಲೇಟು, ತೂತು ಹಾಕಿದ ಪಟ್ಟಿ ಆಗಿದ್ದರೆ ಏರ್ ಕ್ಲಚ್ಚಿನ ಸಿ ಬಾಡಿ (ಕಾಂಪೌಂಡ್ ಡೈ ಆದರೆ ಎಚ್ ಬಾಡಿ) ಮೆಕ್ಯಾನಿಕಲ್, 50 ಟನ್. ಸ್ಟೇನ್‌ಲೆಸ್ ಕೂಡ ಬರುವುದಿದ್ದರೆ ಸೀದಾ 63 ಅಥವಾ 80. ಬಟ್ಟಲು, ಬ್ರಾಕೆಟ್, ಬುಷ್ ಮಿಶ್ರವಾಗಿ ತಿಂಗಳಿಗೆ ಎರಡು ಮೂರು ಸಾವಿರದ ಲೆಕ್ಕದಲ್ಲಿ ಬರುತ್ತಿದ್ದರೆ ಎಚ್ ಬಾಡಿಯ ಹೈಡ್ರಾಲಿಕ್. 300 ಮಿ.ಮೀ. ಬ್ರಾಕೆಟ್ ಇದರಲ್ಲಿ ಬರುತ್ತದೆ. ಮೀಟರುಗಟ್ಟಲೆ ಉದ್ದದ ಬಾಗಿಕೆ ಬಂದರೆ ಮಾತ್ರ ಪ್ರೆಸ್ ಬ್ರೇಕ್ (ಉದ್ದ ತಗಡು ಬಾಗಿಸುವ ಯಂತ್ರ) ಇರುವವರಿಗೆ ಜಾಬ್ ವರ್ಕ್ ಕೊಡುವುದು ಲೇಸು. ಎರಡೂ ಬಗೆಯ ಆರ್ಡರು ಇದ್ದು ಒಂದೇ ಯಂತ್ರಕ್ಕೆ ಹಣವಿದ್ದರೆ ಹೈಡ್ರಾಲಿಕ್ ತಂದು, ವಾಷರನ್ನು ಹೊರಗೆ ಹೊಡೆಸಿ. ವಾಷರ್ ಹೊಡೆದುಕೊಡುವವರು ಪ್ರತಿ ಕೈಗಾರಿಕಾ ಪ್ರದೇಶದಲ್ಲೂ ಸಿಗುತ್ತಾರೆ, ಬಲದ ರಿಜಿಸ್ಟರು ಇಟ್ಟು ಬುಷ್ ಕೂರಿಸಿಕೊಡುವವರು ಸಿಗುವುದಿಲ್ಲ. ಫ್ಲೈ ಪ್ರೆಸ್ ಒಂದು ಹೇಗೂ ಮೂಲೆಯಲ್ಲಿರಲಿ.

ಮುಂಗಡ ಕೊಡುವ ಮುನ್ನ ನಿಮ್ಮದೇ ಡೈ, ನಿಮ್ಮದೇ ತಗಡು ಹೊತ್ತುಕೊಂಡು ಹೋಗಿ ಐವತ್ತು ಭಾಗ ತೆಗೆಸಿ. ಮೊದಲನೆಯದನ್ನೂ ಐವತ್ತನೆಯದನ್ನೂ ಜೇಬಿಗೆ ಹಾಕಿಕೊಂಡು ಬಂದು, ಮನೆಯಲ್ಲಿ ನಿಧಾನವಾಗಿ ಎರಡರ ಬರ್ ಮೇಲೂ ಬೆರಳಾಡಿಸಿ ನೋಡಿ.